ಹಸಿರು ಗೋಡೆಯ ಎಡಗಡೆ

ಬಸ್ ನಿಲ್ದಾಣದ ಪ್ಲಂಬರನಿಗೆ ಗಿಡಗಳೆಂದರೆ ಅಷ್ಟಕ್ಕಷ್ಟೆ. ಇಪ್ಪತ್ತೆರಡು ವರ್ಷ ನಲ್ಲಿ, ಕೊಳವೆ, ಕಕ್ಕಸುಗಳ ನಡುವೆ ಸವೆದ ಜೀವ ಅವನದು. ವರ್ಷದಲ್ಲಿ ಹತ್ತು ತಿಂಗಳು ಬಿಸಿಲು ಕುದಿಯುವ ಆ ಊರಿನಲ್ಲಿ, ಪ್ರಯಾಣಿಕರ ಹಜಾರ ತಂಪಾಗಲೆಂದು ಇಲಾಖೆಯವರು ಒಂದು ಗೋಡೆಯ ತುಂಬ ಗಿಡ ಬೆಳೆಸಲು ಹೊರಟಾಗ, ಅದಕ್ಕೆ ನೀರುಣಿಸುವ ಕೆಲಸ ಅವನ ಕೊರಳಿಗೆ ಬಿತ್ತು. ಎರಡಾಳೆತ್ತರದ ಗೋಡೆ, ಅದರ ಮೇಲೆ ಸಾಲುಸಾಲು ಬಟ್ಟೆಯ ಜೇಬು, ಜೇಬಿಗೊಂದು ಗಿಡ. ಕೈ ತೊಳೆಯುವ ಬೇಸಿನ್ನಿನ ನೀರು ಸೋಸಿ ಬಂದು ಮೇಲಿನಿಂದ ಹನಿಹನಿಯಾಗಿ ಇಳಿಯಬೇಕು.

ಮೂರು ವಾರ ಎಲ್ಲ ಸರಿಯಿತ್ತು. ನಾಲ್ಕನೆಯ ವಾರ ಎಡಗಡೆಯ ಜರೀಗಿಡಗಳು ಕಂದಿ ಮುರುಟಿಕೊಂಡವು. ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಎಲ್ಲರನ್ನೂ ಚುಚ್ಚುತ್ತಿದ್ದುದರಿಂದ ‘ಮುಳ್ಳು’ ಎಂದೇ ಹೆಸರಾಗಿದ್ದ ಮ್ಯಾನೇಜರು ಓಡಿಬಂದರು.

"ಏನಯ್ಯಾ ಇದು, ಗೋಡೆಗೆ ಅರ್ಧ ತಲೆ ಬೋಳಾಗಿದೆ! ಇನ್ನು ಹದಿನೈದು ದಿನಕ್ಕೆ ದೊಡ್ಡ ಸಾಹೇಬ್ರು ಬರ್ತಾರೆ!"

"ನೀರು ಸರಿಯಾಗೇ ಬರ್ತಿದೆ ಸಾರ್."

"ಮತ್ತೆ ಗಿಡ ಯಾಕೆ ಕುಡೀತಿಲ್ಲ? ಮುಷ್ಕರ ಹೂಡಿದಾವಾ?"

ಆದರೂ ಇರಲಿ ಎಂದು ಪ್ಲಂಬರ್ ಹನಿ ಬೀಳುವ ಮೂತಿಗಳನ್ನೆಲ್ಲ ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಿ ತೊಳೆದ. ಹಜಾರವೆಲ್ಲ ಹುಳಿ ವಾಸನೆ ಹೊಡೆದು, ಬಸ್ಸಿಗೆ ಕಾಯುತ್ತಿದ್ದವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾಯಿತು. ಆಮೇಲೆ ನೀರು ಎರಡು ಪಟ್ಟು ಬಿಟ್ಟ. ಗಿಡಗಳು ಇನ್ನಷ್ಟು ಸೊರಗಿದವು.

ಮನೆಯಲ್ಲಿ ಅವನ ಹೆಂಡತಿಯ ತಾಯಿ ಇದ್ದರು. ಮಹಡಿಯ ಮೇಲೆ ಹಳೆಯ ಎಣ್ಣೆ ಡಬ್ಬಗಳಲ್ಲಿ ನೂರಾರು ಗಿಡ ಸಾಕಿದ್ದ ಹೆಂಗಸು. ನೀರಿನ ತೊಟ್ಟಿ ರಿಪೇರಿ ಮಾಡುವಾಗ ಅಳಿಯ ಮೂರು ಡಬ್ಬ ಉರುಳಿಸಿದ್ದರಿಂದ, ಎರಡು ವರ್ಷಗಳಿಂದ ಅವನೊಡನೆ ಅವರಿಗೆ ಮಾತಿಲ್ಲ. ಏನಿದ್ದರೂ ಮಗಳ ಮೂಲಕ.

"ನಿನ್ನ ಗಂಡಂಗೆ ಹೇಳು, ಆ ಗೋಡೆ ನಾನೊಂದ್ಸಲ ನೋಡ್ಬೇಕು."

"ಪಕ್ಕದಲ್ಲೇ ಕೂತಿದಾರಲ್ಲಮ್ಮ!"

"ನೀನೇ ಹೇಳು."

ಪ್ಲಂಬರ್ ನಾಲ್ಕು ದಿನ ಬಿಗುಮಾನ ಮಾಡಿದ. ಐದನೆಯ ದಿನ, "ಬರ್ಲಿ ಬಿಡು" ಎಂದ, ಅದೂ ಹೆಂಡತಿಗೆ.

ಬಂದ ಅತ್ತೆ ಗೋಡೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅದಕ್ಕೆ ಬೆನ್ನು ಹಾಕಿ ಬೆಂಚಿನ ಮೇಲೆ ಸಂಜೆಯವರೆಗೆ ಕೂತರು. ಇವರೇನು ಗಿಡ ನೋಡಲು ಬಂದರೋ ಜನ ನೋಡಲೋ ಎಂದು ಅಳಿಯನಿಗೆ ಮೈಯೆಲ್ಲ ಉರಿಯಿತು. ಕೊನೆಗೆ ಅವರು ಎದ್ದರು. ಮಾತು ದಾಟಿಸಲು ಮಗಳು ಅಲ್ಲಿರಲಿಲ್ಲ. ಒಣಗಿದ ಒಂದು ಜರೀಗಿಡದ ಮುಂದೆ ನಿಂತು ಅದಕ್ಕೇ ಹೇಳತೊಡಗಿದರು.

"ಎದುರಿನ ಬಾಗಿಲು ಬಸ್ ಬಂದಾಗಲೆಲ್ಲ ತಾನೇ ತೆರ್ಕೊಳ್ಳುತ್ತೆ ಕಣಮ್ಮ. ಇವತ್ತು ಎಪ್ಪತ್ತೆರಡು ಸಲ ತೆರ್ಕೊಳ್ತು. ಅಷ್ಟು ಸಲಾನೂ ಬೆಂಕಿಯಂಥ ಗಾಳಿ ಸೀದಾ ನಿನ್ನ ಮುಖಕ್ಕೇ ಬಡೀತು. ಕೊಡ ಕೊಡ ನೀರು ಸುರಿದ್ರೆ ನಿನ್ನ ಬೇರು ಕೊಳೀಬೇಕು ಅಷ್ಟೆ. ಇದು ಕೆಲವರ ತಲೆಗೆ ಹೋಗ್ಬೇಕಲ್ಲ."

ಕೆಲವರ ತಲೆಗೆ ಹೋಯಿತು. ಇಷ್ಟು ದಿನವೂ ಅವನು ಗೋಡೆಗೆ ಮುಖ, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ.

"ಈಗೇನು ಮಾಡೋದು ಅತ್ತೆ?"

ಅತ್ತೆ ಗಿಡವನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಅವರಿಗೂ ಎರಡು ವರ್ಷ ಸಾಕಾಗಿತ್ತೇನೋ.

"ಉಳಿದಿರೋ ಜರೀಗಿಡ ಬಲಗಡೆಗೆ ಹಾಕಿ. ಇಲ್ಲಿಗೆ ಬಿಸಿಗಾಳಿಗೆ ಜಗ್ಗದ ಗಿಡ ನಾನು ಕೊಡ್ತೀನಿ. ಡಬ್ಬ ಮಾತ್ರ ನೀವು ಮುಟ್ಬೇಡಿ."

ಮುಂದಿನ ಐದು ದಿನ ಅತ್ತೆ ಬೆಳಗಿನ ಬಸ್ಸಿಗೆ ಎರಡೆರಡು ಚೀಲ ಹೊತ್ತು ಬಂದರು. ಲೋಳೆಸರ, ಹೆಡೆಯೆತ್ತಿದ ಹಾವಿನಂತೆ ನೆಟ್ಟಗೆ ನಿಲ್ಲುವ ಗಿಡ, ಕಿವಿಯಷ್ಟು ದಪ್ಪ ಎಲೆಯ ಗಿಡ. ಕೈಗೆಟುಕುವಲ್ಲಿ ತಾವೇ ನೆಟ್ಟರು. ಎಟುಕದ ಕಡೆ ಅಳಿಯನನ್ನು ಏಣಿ ಹತ್ತಿಸಿ ಕೆಳಗಿನಿಂದ ಗದರಿದರು.

ದೊಡ್ಡ ಸಾಹೇಬರು ಹೇಳಿದ ಹೊತ್ತಿಗೆ ಬರಲಿಲ್ಲ. ಮುಕ್ಕಾಲು ಗಂಟೆ ಮೊದಲೇ, ಒಬ್ಬರೇ, ಮಾಮೂಲಿ ಬಸ್ಸಿನಲ್ಲಿ ಬಂದಿಳಿದರು. ಗೋಡೆಯ ಹತ್ತಿರ ಹೋಗಿ ಒಂದು ದಪ್ಪ ಎಲೆ ಮುರಿಯಲು ಕೈ ಹಾಕಿದರು. ಕೈಮೇಲೆ ಫಟ್ ಎಂದು ಏಟು ಬಿತ್ತು.

"ಯಜಮಾನ್ರೇ, ನಿಮ್ಮ ಕಿವಿ ಯಾರಾದ್ರೂ ಹೀಗೆ ಕಿತ್ರೆ ಸುಮ್ನಿರ್ತೀರಾ?" ಎಂದರು ಅತ್ತೆ.

ಅಷ್ಟರಲ್ಲಿ ಮುಳ್ಳು ಏದುಸಿರು ಬಿಡುತ್ತ ಬಂದರು. "ಸಾರ್, ಕ್ಷಮಿಸಿ, ಯಾರೋ ಪ್ರಯಾಣಿಕರು! ಈ ಗಿಡಗಳನ್ನ ನಾನೇ ತುಂಬ ಯೋಚ್ನೆ ಮಾಡಿ ಆರಿಸಿದ್ದು..."

"ಹೌದಾ? ಇದು ಯಾವ ಗಿಡ?"

ಮುಳ್ಳು ಗಡಿಯಾರ ನೋಡಿದರು. ಅಲ್ಲಿ ಉತ್ತರ ಇರಲಿಲ್ಲ. "ಹಸಿರು ಗಿಡ ಸಾರ್."

ಏಣಿಯ ಮೇಲಿದ್ದ ಪ್ಲಂಬರನಿಗೆ ತಡೆಯಲಾಗಲಿಲ್ಲ. "ಸಾರ್, ಮಾಡಿದ್ದೆಲ್ಲ ನಮ್ಮ ಅತ್ತೆ. ನಾನು ನೀರು ಸುರಿದು ಸಾಯಿಸ್ತಿದ್ದೆ" ಎಂದುಬಿಟ್ಟ.

ಸಾಹೇಬರು ಕೈ ಉಜ್ಜಿಕೊಳ್ಳುತ್ತಲೇ ನಕ್ಕರು. "ಅಮ್ಮಾ, ಇನ್ನೂ ಮೂರು ನಿಲ್ದಾಣದಲ್ಲಿ ಇಂಥ ಗೋಡೆ ಒಣಗ್ತಿವೆ. ಬಂದು ನೋಡ್ತೀರಾ?"

"ಬರ್ತೀನಿ. ಮಧ್ಯಾಹ್ನ ಮಾತ್ರ ಆಗಲ್ಲ, ಮಲಗ್ತೀನಿ. ನಮ್ಮ ಅಳಿಯಂದಿರೂ ಜೊತೆಗೆ ಬೇಕು."

ಸೋಮವಾರ ಇಲಾಖೆಯ ಜೀಪು ಹೊರಟಿತು. ಮುಂದಿನ ಸೀಟಿನಲ್ಲಿ ಅತ್ತೆ, ಹಿಂದೆ ಪ್ಲಂಬರ್. ಎರಡು ಬೀದಿ ದಾಟುವುದರೊಳಗೆ ಅತ್ತೆ ಗಾಡಿ ನಿಲ್ಲಿಸಿದರು.

"ಆ ಮನೆ ದಾಸವಾಳ ನೋಡಿ, ಬಾಯಾರಿ ಸಾಯ್ತಿದೆ. ಇಳಿದು ಹೋಗಿ ಹೇಳ್ಬನ್ನಿ."

ಮೊದಲ ನಿಲ್ದಾಣ ಮುಟ್ಟುವಷ್ಟರಲ್ಲಿ ಪ್ಲಂಬರ್ ಗುರುತಿಲ್ಲದ ಐದು ಮನೆಗಳ ಬೆಲ್ ಒತ್ತಿದ್ದ. ನಾಲ್ಕು ಮನೆಯವರು ಬೈದರು. ಐದನೆಯವರು ಗಾಬರಿಯಿಂದ ಒಳಗೋಡಿ ಒಂದು ಚೆಂಬು ನೀರು ತಂದು, ಅತ್ತೆ ನೋಡುತ್ತಿದ್ದಂತೆಯೇ ಗಿಡಕ್ಕೆ ಹೊಯ್ದರು.