ತುತ್ತು ತುತ್ತಾಗಿ ಹೇಳಿದ ಸಾಕ್ಷಿ

ಬಣ್ಣದ ಗಿರಣಿಯ ಬಾಯ್ಲರ್ ಸಿಡಿದು ಮೂವರು ಸತ್ತರು. ಅದನ್ನು ನೋಡಿಕೊಳ್ಳುತ್ತಿದ್ದವನೂ ಅವರಲ್ಲೊಬ್ಬ. ಸತ್ತವನ ತಲೆಗೆ ತಪ್ಪು ಕಟ್ಟುವುದು ಸುಲಭ; ಅವನೇನು ಎದ್ದು ಬಂದು ಇಲ್ಲವೆನ್ನುತ್ತಾನೆಯೇ? ಇಬ್ಬರನ್ನು ನುಂಗಿದವನ ಹೆಂಡತಿಯೆಂದು ಓಣಿಯವರು ಅವಳಿಂದ ಮುಖ ತಿರುಗಿಸಿದರು, ಬಟ್ಟೆ ಹೊಲಿಯಲು ಕೊಡುವುದನ್ನೂ ಬಿಟ್ಟರು. ಆದರೆ ಅಂದು ಊಟದ ಡಬ್ಬಿ ಕೊಡಲು ಹೋಗಿದ್ದ ಅವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕಂಡಿದ್ದಳು. ದೇವರು ತನ್ನನ್ನು ಉಳಿಸಿದ್ದು ಅದನ್ನು ಹೇಳಲಿಕ್ಕೇ ಎಂದು ನಂಬಿ, ಮೈದುನನ ಜೊತೆ ವಿಚಾರಣೆಗೆ ಬಂದಳು.

ಅಧಿಕಾರಿಗೆ ಅವಳ ಭಾಷೆ ಬಾರದು. ಮೇಜಿನ ಮೇಲೆ ಅನುವಾದಿಸುವ ಯಂತ್ರವಿತ್ತು. ಅವಳು ಅದರ ಮುಂದೆ ಕೈಮುಗಿದೇ ಹೇಳಿದಳು:

“ಒಲೆ ಆರಿಸ್ತೀನಿ ಅಂತ ಹೊರಟ ಇವರನ್ನ ತಡೆದು, ಆರಿಸಿದ್ರೆ ನಾಳೆಯಿಂದ ಬರಬೇಡ ಅಂತ ಮೇಲ್ವಿಚಾರಕರು ಗದರಿಸಿದ್ದಕ್ಕೇ ಸ್ವಾಮಿ, ಇವರು ಒಲ್ಲದ ಮನಸ್ಸಿಂದ ಇನ್ನೊಂದು ಬುಟ್ಟಿ ಕಲ್ಲಿದ್ದಲು ಸುರಿದದ್ದು.”

ಅಧಿಕಾರಿ ಹುಬ್ಬು ಗಂಟಿಕ್ಕಿ ಏನೋ ಕೇಳಿದರು. ಯಂತ್ರ ನುಡಿಯಿತು: “ನಿಮ್ಮ ಗಂಡ ಮೇಲ್ವಿಚಾರಕರನ್ನು ಏಕೆ ಗದರಿಸಿದರು?”

“ಅಯ್ಯೋ ದೇವರೇ! ಕಟ್ಟಿಕೊಂಡ ನನ್ನನ್ನೇ ಗದರಿಸದ ಮನುಷ್ಯ ಅವರು!”

“ಅತ್ತಿಗೆ, ನೀವು ನೂಲುಂಡೆ ಬಿಚ್ಚಿದ ಹಾಗೆ ಮಾತಾಡಿದ್ರೆ ಅದಕ್ಕೆ ತಲೆ ಯಾವುದು ಬಾಲ ಯಾವುದು ತಿಳಿಯಲ್ಲ,” ಎಂದ ಮೈದುನ. “ಹಲ್ಲು ಬರದ ಕೂಸು ಅಂದ್ಕೊಳ್ಳಿ. ತುತ್ತು ತುತ್ತಾಗಿ ಕೊಡಿ.”

ಅವಳು ಹಾಗೆಯೇ ಕೊಟ್ಟಳು. ಆವಿ ಏರಿತ್ತು. ಅಪಾಯ ಇವರಿಗೆ ಗೊತ್ತಿತ್ತು. ಮೇಲ್ವಿಚಾರಕರು ಬಂದರು. ಇವರನ್ನು ಗದರಿಸಿದರು. ಇವರು ಕಲ್ಲಿದ್ದಲು ಸುರಿದರು. ಪ್ರತಿ ತುತ್ತಿಗೂ ಯಂತ್ರ ಅದನ್ನೇ ತಿರುಗಿ ಹೇಳಿ, “ಸರಿಯೇ?” ಎಂದು ಕೇಳಿತು. ಒಂದಕ್ಷರ ತಪ್ಪಿರಲಿಲ್ಲ. “ಸರಿ,” ಎಂದಳು. ಮತ್ತೆ, “ಸರಿ.” ಕೂಸು ಕೊನೆಗೂ ಉಣ್ಣುತ್ತಿದೆಯೆಂದು ಅವಳಿಗೆ ಎದೆ ಹಗುರಾಯಿತು.

ಅಧಿಕಾರಿ ತೀರ್ಮಾನ ಓದಿದರು. ಯಂತ್ರ ಅದನ್ನು ಗಟ್ಟಿಯಾಗಿ ಒಪ್ಪಿಸಿತು: “ಅಪಾಯ ಗೊತ್ತಿದ್ದರೂ, ಮೇಲ್ವಿಚಾರಕರು ಗದರಿಸಿದರೂ ಕೇಳದೆ, ಆತ ಕಲ್ಲಿದ್ದಲು ಸುರಿದ.”

ತುಂಡುಗಳೆಲ್ಲ ಅವಳವೇ, ಹೊಲಿಗೆ ಮಾತ್ರ ಬೇರೆಯವರದು.

“ಹಾಗಲ್ಲ ಸ್ವಾಮಿ, ಅವರು ಗದರಿಸಿದ್ದಕ್ಕೇ ಇವರು...”

“ಪ್ರತಿಯೊಂದಕ್ಕೂ ನೀವು ಸರಿ ಎಂದಿದ್ದೀರಿ,” ಎಂದಿತು ಯಂತ್ರ. ಅಧಿಕಾರಿ ಆಗಲೇ ಎದ್ದಿದ್ದರು.

ಹೊರಗೆ ಬೆಂಚಿನ ಮೇಲೆ, ಸತ್ತ ಇನ್ನೊಬ್ಬನ ಮುದಿತಾಯಿ ಕೂತಿದ್ದಳು. ಇವಳು ಹೋಗಿ ಅವಳ ಕಾಲ ಬಳಿ ಕುಸಿದು, ನಡೆದದ್ದನ್ನೆಲ್ಲ ಮೊದಲಿನಂತೆ ಒಂದೇ ಉಸಿರಿಗೆ ಹೇಳಹೊರಟಳು.

ಮುದುಕಿ ಕೈಯೆತ್ತಿ ತಡೆದಳು. “ಸಾಕು ಕಣಮ್ಮಾ. ಬಾಗಿಲು ತೆರೆದೇ ಇತ್ತು. ಸರಿ, ಸರಿ ಅಂತ ನಿನ್ನ ಬಾಯಲ್ಲೇ ಕೇಳಿದ್ನಲ್ಲ.”