ಕೆಂಪು ಕೊಕ್ಕಿಗೆ ನೂರು ಎಣಿಕೆ

ಒಂದು, ಎರಡು — ಕಡ್ಡಿಯ ತುದಿಯಿಂದ ಜಾರಿದ ಕೆಂಪು ಹನಿ ಕಟ್ಟಿಗೆಯ ಅಚ್ಚಿನೊಳಗೆ ಗಿಳಿಯ ಕೊಕ್ಕಿನ ಗುಂಡಿಗೆ ಬಿದ್ದು ನಡುಗಿತು, ಮೂರು, ಇದೇ ಒಂಬತ್ತನೆಯದು, ಕೊನೆಯದು, ಉಳಿದ ಎಂಟೂ ಬಾಳೆ ಎಲೆಯ ಮೇಲೆ ಸಾಲಾಗಿ ಕೂತು ಆರುತ್ತಿವೆ, ಹಸಿರು ಮೈ, ಕೆಂಪು ಕೊಕ್ಕು, ನಾಲ್ಕು, ಉಸಿರು ತಾಗಿದರೂ ಹನಿ ಹರಿದೀತು ಎಂದು ಅಪ್ಪನ ಅಕ್ಕ ಶೇಖರಮ್ಮತ್ತಿ ಚಿಕ್ಕಂದಿನಲ್ಲಿ ಹೆದರಿಸಿದ್ದು ಹತ್ತೊಂಬತ್ತು ತುಂಬಿದರೂ ಪಂಪಮ್ಮನ ಮೈ ಬಿಟ್ಟು ಹೋಗಿಲ್ಲ, ಐದು, ಮುಖ ಆಚೆ ತಿರುಗಿಸಿ ಉಸಿರು ಬಿಟ್ಟಳು, ಒಲೆಯ ಮೇಲೆ ಹಸಿರು ಪಾಕ ಗುಳುಗುಳು ಅನ್ನುತ್ತಿದೆ, ನಾಳೆ ಗೌರಿ ಹುಣ್ಣಿಮೆ, ನಾಳೆ ಸಂಜೆ ಕೊಪ್ಪಳದ ಹುಡುಗಿಯರೆಲ್ಲ ತಟ್ಟೆಯಲ್ಲಿ ಸಕ್ಕರೆ ಆರತಿ, ಅಚ್ಚಿಗೆ ಪಾಕ ಎರೆದ ಇಂಥ ಗಿಳಿ ಆನೆ ಕುದುರೆ, ಇಟ್ಟುಕೊಂಡು, ದೀಪ ಹಚ್ಚಿ, ಗೌರಮ್ಮನ ಮುಂದೆ ಬೆಳಗುತ್ತಾರೆ, ಯಾರದು ಮಾತಾದ ಗಂಡಿನ ಮನೆಯಿಂದ ಬಂದ ಆರತಿ, ಯಾರದು ಅಪ್ಪ ಕೊಡಿಸಿದ ಆರತಿ ಎಂದು ಓಣಿಯ ಹೆಂಗಸರು ದೂರದಿಂದಲೇ ಹೇಳಿಬಿಡುತ್ತಾರೆ, ಆರು, ಹೋದ ವರ್ಷ ಅವಳ ತಟ್ಟೆಯಲ್ಲಿ ಅಪ್ಪನದೇ ಆನೆ, ಅಪ್ಪನದೇ ಕುದುರೆ, ಹೆಂಗಸರ ಕಣ್ಣು ತಟ್ಟೆಯಿಂದ ಅವಳ ಮುಖಕ್ಕೆ ಏರಿದ್ದೇ ಚುಚ್ಚಿತು. ಈ ವರ್ಷ ಹಾಗಲ್ಲ. ಈ ವರ್ಷ ಯಲಬುರ್ಗಾದಿಂದ ಗಾಡಿ ಬಂದಿದೆ.

ಹತ್ತು, ಹನ್ನೊಂದು, ಬೆಳಿಗ್ಗೆ ಅಂಗಳ ಸಾರಿಸುತ್ತಿದ್ದಾಗಲೇ ಬಂತು, ಗಾಡಿಯವನು ಯಮನೂರಪ್ಪ, ಹಿಂದೆಂದೂ ಈ ಮನೆಯ ಹೊಸ್ತಿಲು ನೋಡದವನು, ಸಕ್ಕರೆ ಕಂಟ್ರೋಲಿಗೆ ಬಂದ ಮೇಲೆ ಆರತಿ ಬೇಕಾದವರು ಸಕ್ಕರೆ ತಾವೇ ತರುವುದು ವಾಡಿಕೆ, ಚೀಲ ಕಟ್ಟೆಯ ಮೇಲೆ ಇಳಿಸಿ ಬೆವರು ಒರೆಸಿಕೊಂಡು ಅಂದ, ಯಲಬುರ್ಗಾದ ಕನಕಮ್ಮಾರು ಕಳಿಸ್ಯಾರ್ರಿ, ಸಂಜಿಯೊಳಗ ಆಗಬೇಕಂತ, ಗಿಳಿ ಮಾತ್ರ ಕೆಂಪ ಕೊಕ್ಕಿನವ ಬೇಕಂತ, ಹುಡುಗ ಅಮರಪ್ಪ ತಾನ ಬಾಯಿಬಿಟ್ಟ ಕೇಳ್ಯಾನಂತ. ಬಾಗಿಲ ಸಂದಿಯಲ್ಲಿ ನಿಂತಿದ್ದ ಪಂಪಮ್ಮನ ಕೈಯ ಸೆಗಣಿ ಕೈಯಲ್ಲೇ ಒಣಗಿತು. ಅಮರಪ್ಪ — ಕನಕಮ್ಮನ ಮಗ, ಅವಳಿಗೆಂದು ಮಾತಾದವನು, ಸೋಲಾಪುರದ ಗಿರಣಿಗೆ ಹೋಗಿ ಎರಡು ವರ್ಷ ಒಂದೂ ಕಾಗದ ಬರೆಯದವನು, ಬಾಯಿಬಿಟ್ಟ ಕೇಳ್ಯಾನಂತ, ಹದಿನಾರು, ಹದಿನೇಳು, ಬಾಯಿಬಿಟ್ಟು ಕೇಳಿದನಂತೆ, ಮರೆತಿಲ್ಲ, ಮರೆತಿದ್ದರೆ ಕೊಕ್ಕಿನ ಮಾತು ಯಾಕೆ ತೆಗೆಯುತ್ತಿದ್ದ, ಶೇಖರಮ್ಮತ್ತಿ ಒಲೆಗೆ ಕಟ್ಟಿಗೆ ಇಡುತ್ತ, ಈ ಸಲ ಕನಕಮ್ಮ ತಾನ ಯಾಕ ಬರಲಿಲ್ಲ ಎಂದು ಗೊಣಗಿದಳು, ಮುದುಕಿಗೆ ಎಲ್ಲದರಲ್ಲೂ ಹುಳುಕು ಹುಡುಕುವ ಚಾಳಿ, ನಾಳೆ ಬರುತ್ತಾಳೆ, ಮೊಣಕಾಲು ನೋವಿರಬೇಕು, ಬಂಡಿಯಲ್ಲಿ ಕೂಡಲಾಗದೆ ಇವನನ್ನು ಕಳಿಸಿರಬೇಕು, ನಾಳೆ ಬಂದೇ ಬರುತ್ತಾಳೆ, ಪಂಪಮ್ಮ ಅಟ್ಟದಿಂದ ಡಬ್ಬಿ ಇಳಿಸಿದಳು.

ಅವ್ವನ ಡಬ್ಬಿ. ಅದರೊಳಗೆ ಕಾಗದದ ಪೊಟ್ಟಣ, ಪೊಟ್ಟಣದೊಳಗೆ ಒಂದು ಚಿಟಿಕೆ ಕೆಂಪು, ಇಪ್ಪತ್ತಮೂರು, ಯುದ್ಧ ಹತ್ತಿದ ಮೇಲೆ ಕೆಂಪು ಪುಡಿ ಪೇಟೆಗೆ ಬರುವುದೇ ನಿಂತಿದೆ, ಹಡಗ ಬಂದ್ರ ಬಣ್ಣ ಬರತೈತಿ ತಂಗಿ, ಹಡಗ ಮುಳಗಾಕತ್ತಾವ, ನಾ ಏನ್ಮಾಡ್ಲಿ ಎಂದು ಬಣ್ಣದಂಗಡಿಯ ಶಬ್ಬೀರಸಾಬ ಕೈ ಚೆಲ್ಲಿದ್ದ, ಹಸಿರಿದೆ, ಹಳದಿಗೆ ಅರಿಶಿಣವಿದೆ, ಗುಲಾಬಿಗೆ ಪಾಪಾಸಕಳ್ಳಿ ಹಣ್ಣಿನ ರಸ, ಅದೂ ಪಾಕ ಕೆಳಗಿಳಿಸಿದ ಮೇಲೆ ಹಾಕಬೇಕು, ಕುದಿಯಲ್ಲಿ ಹಾಕಿದರೆ ಬಣ್ಣ ಸತ್ತು ಮಾಸಲಾಗುತ್ತದೆ, ಆದರೆ ಕೆಂಪು, ಅವ್ವನ ಕಾಲದ ಆ ಕೆಂಪಿಗೆ ಬದಲಿ ಇಲ್ಲ. ಎಷ್ಟು ಜನ ಕೇಳಿದರೂ ಅಪ್ಪ ಹಂಪಣ್ಣ ಆ ಪೊಟ್ಟಣ ಬಿಚ್ಚಲಿಲ್ಲ, ಅದು ನಮ್ಮ ಪಂಪಿ ಆರತಿಗೆ ಅಂತ ಇಟ್ಟಿದ್ದು, ಕೊಡಾಂಗಿಲ್ರಿ ಎಂದು ದಾಕ್ಷಿಣ್ಯವಿಲ್ಲದೆ ಹೇಳಿ ಕಳಿಸುತ್ತಿದ್ದ, ಇವತ್ತು ತಾನೇ ಬಂದು ಕಣ್ಣು ಸರಿಯಾಗಿ ಕಾಣದವನು ಮುಖ ತುಂಬ ನಗುತ್ತ, ಬಿಚ್ಚವ್ವ, ಇನ್ನ ಯಾತಕ್ಕ ಇಡತಿ ಅಂದ. ಎಂಟು ಗಿಳಿಗೆ ಪುಡಿ ತೀರಿತು, ಒಂಬತ್ತನೆಯದಕ್ಕೆ ಪೊಟ್ಟಣವನ್ನೇ ತೊಟ್ಟು ನೀರಲ್ಲಿ ತೊಳೆದು ಪಾಕಕ್ಕೆ ಬೆರೆಸಿದಳು, ಈ ಹನಿ, ಗುಂಡಿಯಲ್ಲಿ ಈಗ ಮೆಲ್ಲನೆ ಮಂಕಾಗುತ್ತ ಬಿಗಿಯುತ್ತಿರುವ ಈ ಹನಿ, ಮೂವತ್ತೊಂದು, ಇದು ಹೋದರೆ ಇಲ್ಲ. ನೂರಾಗುವ ಮೊದಲೇ ಹಸಿರು ಸುರಿದರೆ ಕೆಂಪು ಹರಿದು ಕೊಕ್ಕು ಕೆಸರಾಗುತ್ತದೆ, ನೂರು ದಾಟಿದರೆ ಹನಿ ಒಣಗಿ ತನ್ನ ಪಾಡಿಗೆ ತಾನಾಗುತ್ತದೆ, ಹಸಿರು ಅದನ್ನು ಹಿಡಿಯುವುದಿಲ್ಲ, ಅಚ್ಚು ಬಿಚ್ಚಿದರೆ ಗಿಳಿ ಕೈಗೆ, ಕೊಕ್ಕು ಕಟ್ಟಿಗೆಗೆ. ಇದು ಅವ್ವ ಕಂಡುಕೊಂಡ ಲೆಕ್ಕ, ಊರಲ್ಲಿ ಬೇರೆ ಯಾವ ಮನೆಗೂ ಗೊತ್ತಿಲ್ಲ, ಅವರೆಲ್ಲರ ಗಿಳಿ ಕೊಕ್ಕಿನಿಂದ ಬಾಲದವರೆಗೆ ಒಂದೇ ಹಸಿರು.

ಮೂವತ್ತೆಂಟು, ಮೂವತ್ತೊಂಬತ್ತು, ಬಿಸಿಯಾಗುತ್ತಿದೆ ಕೆನ್ನೆ, ಒಲೆಯ ಉರಿಗೋ ಏನೋ, ಮೂರು ವರ್ಷದ ಹಿಂದೆ ಅವನು ನಿಂತಿದ್ದದ್ದು ಅಲ್ಲೇ, ಆ ಕಂಬದ ಹತ್ತಿರ, ಮೊದಲ ಆರತಿಯ ವರ್ಷ, ತಾಯಿಯ ಜೊತೆ ಮಗ ಬರುವ ಪದ್ಧತಿಯೇ ಇಲ್ಲ, ಇವನು ಬಂದುಬಿಟ್ಟ, ಬಂದವನು ಜಗಲಿಯ ಮೇಲೆ ಕೂಡುವುದು ಬಿಟ್ಟು ನೇರ ಒಲೆಯ ಬಳಿಗೆ, ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತ, ಕೊಕ್ಕಿಗೆ ಬ್ಯಾರೆ ಬಣ್ಣ ಹೆಂಗ ಬರತೈತ್ರಿ ಎಂದು ಅಪ್ಪನನ್ನು ಕೇಳಿದ, ಅಪ್ಪ ಎರಡೂ ಕೈಯಲ್ಲಿ ಪಾಕದ ಪಾತ್ರೆ ಹಿಡಿದಿದ್ದ, ಆಕಿ ಮಾಡತಾಳ, ಆಕಿನ್ನ ಕೇಳಪ್ಪ ಅಂದುಬಿಟ್ಟ, ಶೇಖರಮ್ಮತ್ತಿ ಬಾಯಿಗೆ ಸೆರಗು ಹಿಡಿದಳು. ಎಷ್ಟೊತ್ತು ಕಾಯಬೇಕು? ಅವಳು ಅಚ್ಚಿನ ಮೇಲಿನ ಕಣ್ಣು ತೆಗೆಯದೆ ಹೇಳಿದಳು, ನೂರು ಎಣಸೂಮಟ. ಲಗೂ ಸುರದ್ರ? ಹರೀತೈತಿ. ತಡ ಆದ್ರ? ಅಂಟಂಗಿಲ್ಲ. ಅಷ್ಟೇ, ಅವನೊಡನೆ ಅವಳು ಆಡಿದ ಮಾತೆಲ್ಲ ಅಷ್ಟೇ, ಜೀವಮಾನಕ್ಕೆಲ್ಲ ಮೂರು ಉತ್ತರ, ಹಾಗಾದ್ರ ನಾನೂ ಎಣಸ್ತೀನಿ ಎಂದ, ಎಣಿಸಿದ, ಐವತ್ತು, ಐವತ್ತೊಂದು, ಸಾಲಿಯ ಹುಡುಗನ ಹಾಗೆ ಜೋರಾಗಿ, ಅಪ್ಪ ನಕ್ಕ, ಅವಳು ಮನಸ್ಸಿನೊಳಗೆ ಅವನ ಜೊತೆಜೊತೆಗೆ, ಎಪ್ಪತ್ತೆರಡಕ್ಕೆ ಬಂದವನು ಸುಮ್ಮನಾದ, ಯಾಕೆಂದು ತಲೆಯೆತ್ತಿದರೆ ಅಚ್ಚು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ, ಅಲ್ಲಿಂದ ನೂರರವರೆಗೆ ಅವಳೊಬ್ಬಳೇ ಎಣಿಸಿದಳು, ಹೇಗೆ ಎಣಿಸಿದಳೋ ಆ ಗೌರಮ್ಮನಿಗೇ ಗೊತ್ತು, ಆದರೂ ಕೊಕ್ಕು ಚೆನ್ನಾಗಿ ಬಂತು, ಆ ಗಿಳಿಯನ್ನು ಆಮೇಲೆ ತಿಂಗಳುಗಟ್ಟಲೆ ಯಾರಿಗೂ ತಿನ್ನಲು ಕೊಡದೆ ಇಟ್ಟಿದ್ದಳು, ಕೊನೆಗೆ ಇರುವೆ ತಿಂದವು.

ಮತ್ತು ಆ ಸಂಜೆ, ಐವತ್ತೆಂಟು, ಆ ಸಂಜೆಯ ಮೆರವಣಿಗೆ, ಆರತಿ ಮಾಡುವ ಮನೆಯ ಹುಡುಗಿಗೆ ಆರತಿ ಬರುವುದೇ ಒಂದು ತಮಾಷೆ, ಇಲ್ಲೇ ಕುದಿದ ಸಕ್ಕರೆ, ಇಲ್ಲೇ ಅವಳೇ ಹಾಕಿದ ಬಣ್ಣ, ಕನಕಮ್ಮ ಅದನ್ನು ತಟ್ಟೆಯಲ್ಲಿ ಜೋಡಿಸಿ ಮೇಲೆ ಹೂವಿನ ದಂಡೆ, ಹಸಿರು ಸೀರೆ ಇಟ್ಟುಕೊಂಡು ಹಿತ್ತಲ ಬಾಗಿಲಿಂದ ಹೊರಗೆ ಹೋದಳು, ಓಣಿ ಸುತ್ತಿ, ಬಾವಿಯ ಕಟ್ಟೆ ಬಳಸಿ, ಮುಂಬಾಗಿಲಿಗೆ ಬಂದು ನಿಂತು, ಬೀಗರು ಬಂದೀವಿ, ಬಾಗಲಾ ತಗೀರಿ ಅಂದಳು, ಒಲಿಯಿಂದ ಹೊರಟು ಒಲಿಗೇ ಬಂತಲ್ಲ ಇದು ಎಂದು ಅತ್ತಿ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಳು. ಮರುವರ್ಷವೂ ಹಾಗೇ, ಅವನಿರಲಿಲ್ಲ, ಸೋಲಾಪುರಕ್ಕೆ ಹೋಗಿದ್ದ, ಕನಕಮ್ಮ ಒಬ್ಬಳೇ ಸುತ್ತಿದಳು, ಅದರ ಮರುವರ್ಷ, ಹುಡುಗಗ ರಜಾ ಸಿಗಲಿಲ್ಲ, ಮುಂದಿನ ಸಲ ನೋಡೋಣು ಎಂದು ಸಂತೆಗೆ ಬಂದವರ ಬಾಯಲ್ಲಿ ಹೇಳಿ ಕಳಿಸಿದಳು. ನಾಳೆ ಮತ್ತೆ ಹಿತ್ತಲ ಬಾಗಿಲು, ಬಾವಿಯ ಕಟ್ಟೆ, ಮುಂಬಾಗಿಲು, ಅರವತ್ತಾರು, ಈ ಸಲ ಅವನೂ ಹಿಂದಿಂದ ಬಂದರೆ, ಬಂದು ಕಂಬದ ಹತ್ತಿರ ನಿಂತರೆ, ಉಳಿದದ್ದನ್ನು ಎಣಿಸುತ್ತೀರೇನು ಎಂದು ತಾನೇ ಕೇಳಿಬಿಡಬೇಕು, ಕೇಳುವ ಧೈರ್ಯ ಇದೆ, ಮೂರು ವರ್ಷ ಕಾದವಳಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ.

ಅರವತ್ತೊಂಬತ್ತು, ಎಪ್ಪತ್ತು, ಜಗಲಿಯಲ್ಲಿ ಯಮನೂರಪ್ಪ ಎದ್ದು ಮೈ ಮುರಿದದ್ದು ಕೇಳಿಸಿತು, ಎತ್ತಿನ ಕೊರಳ ಗಂಟೆ, ಹಂಪಣ್ಣಾರ, ಬುಟ್ಟಿಗೆ ಹುಲ್ಲ ದಪ್ಪಾಗಿ ಹಾಸ್ರಿ, ಹಿಟ್ನಾಳ ದಾಟಿದ ಮ್ಯಾಲ ದಾರಿ ಭಾಳ ಕುಲಕತೈತಿ. ಎಪ್ಪತ್ತೊಂದು. ಹುಲ್ಲು ಯಾಕೆ, ಹಿತ್ತಲ ಬಾಗಿಲಿಂದ ಮುಂಬಾಗಿಲಿಗೆ ಹುಲ್ಲು ಯಾಕೆ ಬೇಕು, ಹಿಟ್ನಾಳ ಯಲಬುರ್ಗಾದ ದಾರಿಯೂ ಅಲ್ಲ, ಅದು ಆ ಕಡೆ, ಕನಕಮ್ಮ ಹಿಟ್ನಾಳದಲ್ಲಿ ಯಾರದೋ ನೆಂಟರ ಮನೆಯಲ್ಲಿ ಇಳಿದಿರಬೇಕು, ಅಲ್ಲಿಂದ ನಾಳೆ ಹೊತ್ತು ತರುತ್ತಾಳೆ, ಅಪ್ಪ ಕೇಳಿದ, ಮೆಲ್ಲಗೆ ಕೇಳಿದ, ಯಾವೂರಿಗೆ ಹೊಂಟೀಯಪ್ಪ? ಗಂಗಾವತಿಗ್ರಿ, ಅಲ್ಲೇ ಹೆಣ್ಣ ಗೊತ್ತಮಾಡ್ಯಾರಲ್ರಿ ಅಮರಪ್ಪಗ, ಮೊದಲನೆ ಆರತಿ, ನಾಳಿ ಸಂಜಿಯೊಳಗ ಮುಟ್ಟಬೇಕು. ಆರತಿ ಎಲ್ಲೆರ ಮಾಡಸಪಾ, ಆದ್ರ ಕೆಂಪ ಕೊಕ್ಕ ಇರಲಿ ಅಂತ ಹೇಳಿ ಕಳಿಸಿದ್ರು, ನಾ ಪ್ಯಾಟ್ಯಾಗ ಕೇಳಿದ್ನಿ, ಎಲ್ಲಾರೂ ನಿಮ್ಮ ಮನಿನ ತೋರ್ಸಿದ್ರು. ನಿಮಗ ಗೊತ್ತಿರಲಿಲ್ಲೇನ್ರಿ? ಅಪ್ಪ ಕೆಮ್ಮಿದ, ಕೆಮ್ಮು ಬರದಿದ್ದರೂ ಕೆಮ್ಮಿದ. ಗೊತ್ತೈತಿ, ಗೊತ್ತಿಲ್ದ ಏನ. ಹುಲ್ಲ ಹಾಸ್ತೀನಿ, ಕುಂದ್ರು.

ಎಪ್ಪತ್ತೆರಡು. ಗಂಗಾವತಿಯ ಹುಡುಗಿ, ಹೆಸರೇನೋ, ಎಷ್ಟು ವರ್ಷವೋ, ಎಪ್ಪತ್ತೆರಡು, ತಟ್ಟೆಯಲ್ಲಿ ಗಿಳಿ ಇಟ್ಟುಕೊಂಡು ಕೇಳುತ್ತಾಳೆ, ಕೊಕ್ಕಿಗೆ ಬ್ಯಾರೆ ಬಣ್ಣ ಹೆಂಗ ಬರತೈತಿ, ಅವನು ಹೇಳುತ್ತಾನೆ, ನೂರು ಎಣಸೂಮಟ ಕಾಯಬೇಕು, ಲಗೂ ಸುರದ್ರ ಹರೀತೈತಿ, ತಡ ಆದ್ರ, ಪಂಪಮ್ಮನ ಮಾತುಗಳನ್ನೇ ಹೇಳುತ್ತಾನೆ, ಇದ್ದದ್ದೇ ಮೂರು ಮಾತು, ಅವನ್ನೂ ಒಯ್ದು ಆ ಹುಡುಗಿಗೆ ಕೊಡುತ್ತಾನೆ, ಮರೆತಿಲ್ಲ, ಖರೆ, ಮರೆತಿಲ್ಲ, ಮರೆತಿದ್ದರೆ ಎಷ್ಟು ಚಲೋ ಇತ್ತು, ಎಪ್ಪತ್ತೆರಡು, ಅವ್ವನ ಪೊಟ್ಟಣ ತೊಳೆದ ಕಾಗದ ಒಲೆಯ ಪಕ್ಕ ಮುದುಡಿ ಬಿದ್ದಿದೆ, ಅದರಲ್ಲಿ ಬಣ್ಣದ ಸುಳಿವೂ ಇಲ್ಲ, ಒದ್ದು ಕೆಡವಬಹುದು ಎಂಟನ್ನೂ, ಒಂದೇ ಏಟು, ಕೆಡವಲಾರಳು, ಅವು ಎಷ್ಟು ಚೆನ್ನಾಗಿ ಬಂದಿವೆ, ಅಪ್ಪ ಒಳಗೆ ಬಂದ, ಅವಳ ಮುಖ ನೋಡಲಿಲ್ಲ, ನೋಡಿದರೂ ಕಾಣುವ ಕಣ್ಣಲ್ಲ, ಬುಟ್ಟಿಗೆ ಹುಲ್ಲು ಹಾಸಿದ, ಒಂದೊಂದೇ ಗಿಳಿಯನ್ನು ಎತ್ತಿ ಕೊಕ್ಕನ್ನು ಬೆರಳಿಂದ ಸವರಿ ನೋಡಿ ಮಲಗಿಸಿದ, ಎಂಟಾಯಿತು, ಒಂಬತ್ತನೆಯದಕ್ಕೆ ಕೈ ಚಾಚಿದವನು ಹಾಗೇ ಹಿಂದಕ್ಕೆ ಎಳೆದುಕೊಂಡ, ಎಂಟರ ಬುಟ್ಟಿಯನ್ನೇ ಎತ್ತಿ ಗಾಡಿಗೆ ಒಯ್ದ, ಎಷ್ಟು ಹೊತ್ತಾಯಿತು, ಎಪ್ಪತ್ತೆರಡು, ಪಾಕ ತಳ ಹಿಡಿಯುವ ವಾಸನೆ, ಅತ್ತಿ ಮಗ್ಗುಲಿಗೆ ಬಂದು ಕೂತು ಬೆನ್ನ ಮೇಲೆ ಕೈಯಿಟ್ಟಳು, ಪಂಪೀ, ನೂರು ಆಗಿ ಎಷ್ಟೊತ್ತಾತು, ಹಸರು ಹಾಕವ್ವ.

ಹಾಕಿದಳು. ಅಚ್ಚಿನ ಎರಡು ಹೋಳು ಜೋಡಿಸಿ, ದಾರ ಸುತ್ತಿ, ಹಸಿರು ಸುರಿದಳು, ಹೊರಗೆ ಗಾಡಿ ಹೊರಟ ಸದ್ದು, ಗಂಟೆ ಓಣಿಯ ತುದಿಗೆ, ಬಾವಿಯ ಕಟ್ಟೆಯ ಹತ್ತಿರ, ಮುಂಬಾಗಿಲ ಕಡೆ ತಿರುಗಲಿಲ್ಲ, ಹಿಟ್ನಾಳದ ಕಡೆಗೇ ಹೋಯಿತು, ದಾರ ಬಿಚ್ಚಿದಳು, ಹೋಳು ಬಿಡಿಸಿದಳು, ಗಿಳಿ ಅಂಗೈಗೆ ಬಂತು, ಹಸಿರು, ಬೆಚ್ಚಗೆ, ಕಣ್ಣು, ರೆಕ್ಕೆ, ಬಾಲ, ಎಲ್ಲ ಇದೆ, ಮುಖದ ಮುಂದೆ ಒಂದು ಸಣ್ಣ ತಗ್ಗು, ಮತ್ತು ಕಟ್ಟಿಗೆಯ ಗುಂಡಿಯಲ್ಲಿ ಕೆಂಪು ಹನಿ, ಹರಿಯದೆ, ಅಂಟದೆ, ಇಟ್ಟಲ್ಲೇ ಇದೆ, ಕೆಂಪು ಹನಿ, ಎಪ್ಪತ್ತೆರಡು, ಕಟ್ಟಿಗೆಯ ಗುಂಡಿಯಲ್ಲಿ ಕೆಂಪು ಹನಿ.