ನಡುಗೋಡೆಯ ಟೀವಿ

ಭಾನುವಾರ ಬೆಳಿಗ್ಗೆ ಚಿಕ್ಕಗಂಗಮ್ಮ ಕಾಫಿ ಲೋಟ ಹಿಡಿದು ಟೀವಿ ಮುಂದೆ ಕೂತಿದ್ದಾಗಲೇ ಭೀಮರಾಜ್ ಕೇಬಲ್ ಕತ್ತರಿಸಿದ. ವೇಮಗಲ್‌ನ ಆ ಬೀದಿಗೆಲ್ಲ ಕೇಬಲ್ ಕೊಡುವವನು ಅವನೇ. ಚಿಕ್ಕಗಂಗಮ್ಮನ ಹಿರಿಯ ಮಗನೂ ಅವನೇ. ಮುದುಕಿ ಇದ್ದದ್ದು ಕಿರಿಯ ಮಗ ಶಿವಶಂಕರ್ ಮತ್ತು ಸೊಸೆ ಶ್ರೀವಾಣಿಯ ಜೊತೆ. ಮನೆ ಪಾಲಾಗಿತ್ತು, ಅಣ್ಣತಮ್ಮಂದಿರ ನಡುವೆ ಉಳಿದದ್ದು ಒಂದು ಗೋಡೆ.

ಬೀದಿಯ ತಂತಿಗಳನ್ನೆಲ್ಲ ಭೀಮರಾಜ್ ತಮ್ಮನ ತಾರಸಿ ಮೇಲೆಯೇ ಎಳೆದಿದ್ದ. ಅವು ಜೋತುಬಿದ್ದು, ರಾಗಿ ಒಣಹಾಕಲು ಹೋದ ಶ್ರೀವಾಣಿಯ ಕತ್ತಿಗೆ ಸಿಕ್ಕಿಕೊಂಡವು. ತೆಗೆಯಿರೆಂದು ಮೂರು ಸಲ ಕೇಳಿದಳು. ನಾಲ್ಕನೇ ಸಲ ಪಂಚಾಯಿತಿಗೆ ಅರ್ಜಿ ಕೊಟ್ಟಳು.

"ನನ್ ವೈರ್ ಬೇಡ ಅಂದೋರ್ಗೆ ನನ್ ಚಾನೆಲ್ಲೂ ಬೇಡ," ಎಂದು ಭೀಮರಾಜ್ ಬೀದಿಯಲ್ಲೇ ನಿಂತು ಕೂಗಿದ. "ಇನ್ನೊಬ್ಬ ಯಾವನಾದ್ರೂ ಈ ಬೀದಿ ಕಂಬ ಹತ್ತಲಿ, ನೋಡ್ತೀನಿ!"

"ಅಣ್ಣನ್ ಹತ್ರ ಒಂದ್ಮಾತು ಹೋಗಿ ಕೇಳ್ಕೊಂಬಿಡೇ," ಎಂದ ಶಿವಶಂಕರ್ ಮೆಲ್ಲಗೆ.

"ನೀವು ಕೇಳ್ಕೊಳ್ಳಿ. ನಾನು ಟೀವಿ ತರ್ತೀನಿ."

ಶ್ರೀವಾಣಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಬೋಲ್ಟ್ ಬಿಗಿಯುವ ಕೆಲಸದವಳು. ವಾರದ ರಜೆಯ ದಿನ ಕೋಲಾರಕ್ಕೆ ಹೋಗಿ ದೊಡ್ಡ ಟೀವಿಯನ್ನೂ, ಸಿಮ್ ಹಾಕಿದರೆ ಸಾಕು ವೈಫೈ ಕೊಡುವ ಪುಟ್ಟ ಡಬ್ಬಿಯನ್ನೂ ತಂದಳು. ಅದಕ್ಕೆ ಕಂಬವೂ ಬೇಕಿರಲಿಲ್ಲ, ತಂತಿಯೂ ಬೇಕಿರಲಿಲ್ಲ. ಅತ್ತೆಯ ಮಂಚದಿಂದ ಸರಿಯಾಗಿ ಕಾಣುವುದು ನಡುಗೋಡೆಯೊಂದೇ. ಅತ್ತೆ ಕೂತಾಗ ಕಣ್ಣು ಬರುವ ಎತ್ತರ ಅಳೆದಳು, ಮಟ್ಟ ಇಟ್ಟು ನಾಲ್ಕು ಗುರುತು ಹಾಕಿದಳು, ಡ್ರಿಲ್ ಹಿಡಿದಳು.

ಎರಡನೇ ತೂತು ಮುಗಿಯುವಷ್ಟರಲ್ಲಿ ಭೀಮರಾಜ್ ಬಾಗಿಲಲ್ಲಿದ್ದ.

"ಯಾರನ್ ಕೇಳಿ ಗೋಡೆ ಕೊರೀತಿದ್ದೀಯ? ಅರ್ಧ ಗೋಡೆ ನಂದು!"

"ಒಂಬತ್ತಿಂಚಿನ ಗೋಡೆ ಭಾವ. ನಾನು ಹೋಗಿರೋದು ಎರಡಿಂಚು." ಡ್ರಿಲ್ಲಿನ ಮೊನೆಗೆ ಅಳತೆಗೆಂದು ಸುತ್ತಿದ್ದ ಕೆಂಪು ಟೇಪನ್ನು ಅವನ ಮುಖಕ್ಕೇ ಹಿಡಿದಳು. "ಲೆಕ್ಕ ಬರುತ್ತಲ್ಲ?"

ಭೀಮರಾಜ್ ತಮ್ಮನ ಕಡೆ ತಿರುಗಿದ. "ಏನ್ಲಾ, ಹೆಂಡ್ತಿ ಕೈಗೆ ಡ್ರಿಲ್ ಕೊಟ್ಟು ನೀನು ಮೂಲೆ ಸೇರ್ಕೊಂಡ್ಯಾ?" ಶಿವಶಂಕರ್ ನೆಲ ನೋಡಿದ. ಶ್ರೀವಾಣಿಗೆ ಭಾವನಿಗಿಂತ ಗಂಡನ ಮೇಲೆ ಹೆಚ್ಚು ಸಿಟ್ಟು ಬಂತು.

ಸಂಜೆಗೆ ಗೋಡೆಗೆ ಕಬ್ಬಿಣದ ಪಟ್ಟಿ ಬಿಗಿದು, ಗಂಡನ ಕೈಲಿ ಒಂದು ಕಡೆ ಎತ್ತಿಸಿ, ಟೀವಿ ಸಿಕ್ಕಿಸಿದಳು. ಚಿತ್ರ ಮೂಡುವ ಮೊದಲೇ ಗೋಡೆ ಅದುರಿತು. ಆ ಕಡೆಯಿಂದ ಭೀಮರಾಜ್ ಸುತ್ತಿಗೆಯಲ್ಲಿ ಬಡಿಯುತ್ತಿದ್ದ. ಗಾರೆ ಉದುರಿತು, ಒಂದು ಬೋಲ್ಟ್ ಸಡಿಲಗೊಂಡು ಟೀವಿ ವಾಲಿತು. ಶ್ರೀವಾಣಿ ಓಡಿ ಭುಜ ಕೊಟ್ಟು ನಿಂತಳು. ಒಂದೊಂದು ಏಟೂ ಅವಳ ಎಲುಬಿಗೆ ತಾಗುತ್ತಿತ್ತು.

ಮಂಚದ ಮೇಲಿದ್ದ ಚಿಕ್ಕಗಂಗಮ್ಮ ಎದ್ದಳು. ಚಪ್ಪಲಿಯೂ ಮೆಟ್ಟದೆ ಹಿರಿಯ ಮಗನ ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಅವಳ ದನಿ ಕೇಳಿತು.

"ಭೀಮರಾಜಾ! ನನ್ ಬೆನ್ನು ಗೋಡೆಗೇ ಆನಿಸಿ ನಿಂತಿದ್ದೀನಿ. ಮೊದ್ಲು ನಂಗೆ ಹೊಡಿ, ಆಮೇಲೆ ಗೋಡೆಗೆ!"

"ಜರುಗಮ್ಮಾ!"

"ಜರುಗಲ್ಲ ಕಣೋ. ನಿಮ್ಮಪ್ಪ ಇಟ್ಟಿಗೆ ಇಟ್ಟ, ನಾನು ಕೆರೆಮಣ್ಣು ಹೊತ್ತೆ. ನಿಮ್ಮಿಬ್ರಿಗೂ ಅರ್ಧ ಅಂತ ಯಾರೋ ಹೇಳಿದ್ದು?"

ಸುತ್ತಿಗೆ ನೆಲಕ್ಕೆ ಬಿದ್ದ ಸದ್ದಾಯಿತು.

ವಾಪಸು ಬಂದ ಅತ್ತೆಯ ಕೈ ಹಿಡಿಯಲು ಶ್ರೀವಾಣಿ ಹೋದಳು. ಮುದುಕಿ ಕೊಡವಿಕೊಂಡಳು. "ನಿನ್ಗೋಸ್ಕರ ಹೋಗ್ಲಿಲ್ಲ. ಅರ್ಜಿ ಕೊಟ್ಟು ನನ್ ಮಗನ್ ಮರ್ಯಾದೆ ತೆಗ್ದೋಳು ನೀನು."

ಶ್ರೀವಾಣಿ ಒಡೆದ ತೂತಿಗೆ ಸಿಮೆಂಟ್ ತುಂಬಿ, ಮೂರು ದಿನ ನೀರುಣಿಸಿ, ಅದರ ಪಕ್ಕಕ್ಕೆ ಹೊಸ ತೂತು ಕೊರೆದು ಟೀವಿಯನ್ನು ಮತ್ತೆ ಏರಿಸಿದಳು. ಆ ಮೂರೂ ದಿನ ಅತ್ತೆ ಅವಳ ಕೈಯ ಮುದ್ದೆ ಮುಟ್ಟಲಿಲ್ಲ. ಶಿವಶಂಕರ್ ಬಡಿಸಿದರೆ ಉಣ್ಣುತ್ತಿದ್ದಳು.

ಟೀವಿ ಹತ್ತಿದ ಮೇಲೂ ಮುದುಕಿ ಮುಖ ತಿರುಗಿಸಿಯೇ ಕೂತಿದ್ದಳು. ತನ್ನ ತೆಲುಗು ಧಾರಾವಾಹಿಯ ಹಾಡು ಕೇಳಿದಾಗ ಮಾತ್ರ ಕತ್ತು ತಾನಾಗಿ ಹೊರಳಿತು. ಅರ್ಧ ಮುಗಿದಾಗ ಕಣ್ಣು ಕಿರಿದು ಮಾಡಿ ಕೇಳಿದಳು, "ಇದು ನಿನ್ನೆ ಬಂದಿದ್ದಾ?"

"ಇಲ್ಲತ್ತೆ, ಇವತ್ತು ರಾತ್ರಿ ಕೇಬಲ್‌ನಲ್ಲಿ ಬರಬೇಕಾದ್ದು. ಇದರಲ್ಲಿ ಮೊದ್ಲೇ ಬರುತ್ತೆ."

ಮುದುಕಿ ಪೂರ್ತಿ ನೋಡಿದಳು. ಆಮೇಲೆ ಬಿಂದಿಗೆ ಎತ್ತಿಕೊಂಡು ಬೀದಿ ನಲ್ಲಿಗೆ ಹೋದಳು. ಅಲ್ಲಿ ಹಿರಿಯ ಸೊಸೆ ಅನಸೂಯಮ್ಮ ಇದ್ದಳು, ಇನ್ನೂ ನಾಲ್ಕು ಹೆಂಗಸರಿದ್ದರು. ಕೇಳದವರಿಗೂ ಕೇಳುವಂತೆ ಚಿಕ್ಕಗಂಗಮ್ಮ ಆ ರಾತ್ರಿಯ ಕಥೆಯನ್ನೆಲ್ಲ ಹೇಳಿದಳು: ಯಾರು ಯಾರಿಗೆ ವಿಷ ಹಾಕಿದರು, ಯಾರ ತಾಳಿ ಯಾರ ಕೈಗೆ ಹೋಯಿತು. ಅನಸೂಯಮ್ಮ ಅರ್ಧ ತುಂಬಿದ ಕೊಡ ಎತ್ತಿಕೊಂಡು ದುಮುದುಮು ನಡೆದಳು. ಉಳಿದವರು ಮುದುಕಿಯನ್ನು ಸುತ್ತುವರಿದರು.

ವಾರ ಕಳೆಯುವಷ್ಟರಲ್ಲಿ ಎದುರುಮನೆಯ ಶ್ಯಾಮಲಮ್ಮ ಆ ಡಬ್ಬಿ ಎಲ್ಲಿ ಸಿಗುತ್ತದೆಂದು ಶ್ರೀವಾಣಿಯನ್ನು ಕೇಳಿಕೊಂಡು ಬಂದಳು. ಭೀಮರಾಜ್ ತನ್ನ ಜಗುಲಿಯ ಮೇಲೆಯೇ ಕೂತಿದ್ದ. ಅವನು ನೋಡುತ್ತಿದ್ದಾನೆಂದು ಗೊತ್ತಿದ್ದೇ ಶ್ರೀವಾಣಿ ಅಂಗಡಿಯ ವಿಳಾಸವನ್ನು ಗಟ್ಟಿಯಾಗಿ, ಎರಡು ಸಲ ಹೇಳಿದಳು.